ಸಾಲು ತಪ್ಪಿದ ಹನ್ನೊಂದು ಗುಣಿ

"ಇಳಿಯೋ ಕೆಳಗೆ! ನಿಲ್ಸು ಅಂದ್ರೆ ನನ್ನ ಮೇಲೇ ಹಾರನ್ ಹೊಡೀತೀಯಾ?"

ಮಣ್ಣಕ್ಕ ಕಟಾವು ಯಂತ್ರದ ಮುಂದೆ ಕೊಡೆ ಅಡ್ಡ ಹಿಡಿದು ನಿಂತಿದ್ದಳು. ಯಂತ್ರದ ಬಾಯಿ ಎರಡು ಲಾರಿಯಷ್ಟು ಅಗಲ. ಕೊಡೆಗೆ ಒಂದು ಕಡ್ಡಿ ಮುರಿದಿತ್ತು. ಆದರೂ ಬೆವರಿದವನು ಯಂತ್ರದವನೇ.

"ಅಮ್ಮಾ, ಮಧ್ಯಾಹ್ನಕ್ಕೆ ಇನ್ನೊಂದು ಹೊಲ ಒಪ್ಕೊಂಡಿದೀನಿ. ಯಜಮಾನ್ರು ಕೊಯ್ಯಿ ಅಂದಿದಾರೆ."

"ನಿಮ್ಮ ಯಜಮಾನ್ರು ಅಂದ್ರೆ ನಿನ್ನ ಮೂಗೂ ಕೊಯ್ಕೋತೀಯಾ? ಒಂದೇ ಒಂದು ಗಂಟೆ. ಅಷ್ಟರಲ್ಲಿ ಟೀ ಕುಡಿ, ನಿದ್ದೆ ಮಾಡು, ಏನಾದ್ರೂ ಮಾಡ್ಕೊ. ಈ ಹೊಲದಲ್ಲಿ ಒಂದು ದಂಟು ಉರುಳಿದ್ರೂ ನಿನ್ನನ್ನ ಒಳಗೆ ಹಾಕಿಸ್ತೀನಿ."

ಯಾರನ್ನೂ ಒಳಗೆ ಹಾಕಿಸುವ ಅಧಿಕಾರ ಅವಳಿಗೆ ಎಳ್ಳಷ್ಟೂ ಇರಲಿಲ್ಲ. ಮೂವತ್ತೊಂದು ವರ್ಷ ಮಣ್ಣು ಪರೀಕ್ಷೆಯ ಲ್ಯಾಬಿನಲ್ಲಿ ಊರೂರಿನ ಮಣ್ಣು ಮೂಸಿ, ನಿವೃತ್ತಿಯ ದಿನ ಒಂದು ಗೋಡೆ ಗಡಿಯಾರ ಹಿಡಿದುಕೊಂಡು ಮನೆಗೆ ಬಂದವಳು. ಆಮೇಲೆ ಎರಡು ಕೇಸು ಬಿಡಿಸಿ ಹೆಸರು ಮಾಡಿದ್ದಳು. ಮಣ್ಣು ಸುಳ್ಳು ಹೇಳುವುದಿಲ್ಲ, ಮನುಷ್ಯರು ಬಾಯಿ ಬಿಟ್ಟರೆ ಸುಳ್ಳೇ ಎಂಬುದು ಅವಳ ಸಿದ್ಧಾಂತ. ಆ ಸಿದ್ಧಾಂತದಿಂದಾಗಿ ಅವಳಿಗೆ ಸ್ನೇಹಿತರು ಕಡಿಮೆ, ಜಂಬ ಜಾಸ್ತಿ.

ಇಲ್ಲಿಯ ಕೇಸು ಇಷ್ಟೇ: ಎಲ್ಲರೂ 'ಕೊರೆಗೋಲು' ಎಂದು ಕರೆಯುತ್ತಿದ್ದ ಮನುಷ್ಯ ಈ ಫಾರ್ಮಿನಿಂದ ಕಾಣೆಯಾಗಿದ್ದ. ಬಿತ್ತನೆಯ ಹಿಂದಿನ ದಿನವೇ ಹೆಂಡತಿಯನ್ನು ಬಿಟ್ಟು ಓಡಿಹೋದ ಎಂದು ಹೆಂಡತಿಯ ಅಣ್ಣ, ಅಂದರೆ ಫಾರ್ಮಿನ ಯಜಮಾನನೇ, ಹೇಳಿಕೆ ಕೊಟ್ಟಿದ್ದ. ಠಾಣೆಯವರು ಅದನ್ನು ಬರೆದುಕೊಂಡು ಫೈಲು ಮುಚ್ಚಿ ಕೈ ತೊಳೆದುಕೊಂಡಿದ್ದರು. ಆ ಹೆಂಡತಿಯೇ ಎಂಟು ದಿನದ ಹಿಂದೆ ಮಣ್ಣಕ್ಕನನ್ನು ಕರೆಸಿದವಳು.

"ಅಕ್ಕ, ಅವರು ಸತ್ತಿದ್ರೆ ಸತ್ತಿದಾರೆ ಅಂತ ಹೇಳ್ಬಿಡಿ, ತಡ್ಕೋತೀನಿ," ಎಂದಿದ್ದಳು ಮೊದಲನೇ ದಿನವೇ. "ಓಡಿಹೋದವನ ಹೆಂಡತಿ ಅನ್ನಿಸ್ಕೊಂಡು ಬದುಕೋಕೆ ನನ್ನ ಕೈಲಾಗಲ್ಲ."

ಇವತ್ತು ಈ ಹೊಲ ಕಟಾವಾದರೆ ಮುಗಿಯಿತು. ಯಂತ್ರ ತೆನೆ ನುಂಗಿ ದಂಟನ್ನು ಪುಡಿ ಮಾಡಿ ಉಗುಳುತ್ತದೆ, ಸಂಜೆಯ ಹೊತ್ತಿಗೆ ನೇಗಿಲು ಬೀಳುತ್ತದೆ. ನಾಳೆಯಿಂದ ಕೊರೆಗೋಲು ಶಾಶ್ವತವಾಗಿ ಓಡಿಹೋದವನು, ಅವಳು ಶಾಶ್ವತವಾಗಿ ಓಡಿಹೋದವನ ಹೆಂಡತಿ.

ಇದು ತಿಳಿದಿದ್ದರಿಂದಲೇ ಮಣ್ಣಕ್ಕ ಬೆಳಿಗ್ಗೆಯಿಂದ ಸಾಲು ಸಾಲು ತಿರುಗಿದ್ದಳು. ಅರ್ಧ ಗಂಟೆಯ ಹಿಂದೆ ಅದು ಸಿಕ್ಕಿತ್ತು.

ಅದು ಸಿಕ್ಕ ಜಾಗ ಬದುವಿನಿಂದ ಹತ್ತು ಹೆಜ್ಜೆ ಒಳಗೆ. ಅಲ್ಲಿಗೆ ಹೋಗುವ ಮುನ್ನ ಈ ಹೊಲದ ದರ್ಶನವನ್ನೂ ಮಾಡಿಬಿಡಿ. ನಲವತ್ತು ಎಕರೆ ಮೆಕ್ಕೆಜೋಳ. ದೂರದಿಂದ ನೋಡಿದರೆ ಒಂದೇ ಸಮ, ಒಂದೇ ಬಣ್ಣ. ಹತ್ತಿರ ಹೋದರೆ ಒಂದೇ ಸಮನೆ ದರಿದ್ರ. ಗಿಡ ಎದೆಯ ಮಟ್ಟ ದಾಟಿಲ್ಲ. ಕೆಳಗಿನ ಎಲೆಗಳು ಕಾಳು ಕಟ್ಟುವ ಮೊದಲೇ ತುದಿಯಿಂದ ನಡುನರದ ಗುಂಟ ಹಳದಿಯಾಗಿ ಒಣಗಿದ್ದವು. ಅಂದರೆ ಯೂರಿಯಾ ಮೂಟೆಗಟ್ಟಲೆ ಸುರಿದಿದ್ದರೂ ಗಿಡದ ಬಾಯಿಗೆ ಸೇರಿಲ್ಲ. ತೆನೆ ಸುಲಿದರೆ ತುದಿಯ ಮೂರು ಬೆರಳಷ್ಟು ಬೋಳು.

ಮಣ್ಣಕ್ಕ ಒಂದು ಗಿಡವನ್ನು ಬುಡಸಮೇತ ಕಿತ್ತು ನೋಡಿದ್ದಳು. ಬೇರು ಒಂದು ಗೇಣು ಕೆಳಗಿಳಿದು, ಅಲ್ಲಿಂದ ಗೋಡೆಗೆ ಡಿಕ್ಕಿ ಹೊಡೆದಂತೆ ಅಡ್ಡ ತಿರುಗಿ, ಚಾಪೆಯಂತೆ ಹೆಣೆದುಕೊಂಡಿತ್ತು. ಅದರ ಕೆಳಗೆ ಗುದ್ದಲಿ ಹಾಕಿದರೆ ಠಣ್ ಎನ್ನುವ ಮಣ್ಣು.

ಒದ್ದೆ ಹೊಲಕ್ಕೆ ಭಾರದ ಟ್ರ್ಯಾಕ್ಟರ್ ಇಳಿಸಿದವನ ಕೈಕೆಲಸ ಇದು. ನೆಲ ಆರುವತನಕ ನಾಲ್ಕು ದಿನ ಕಾಯುವ ತಾಳ್ಮೆ ಇಲ್ಲ. ಚಕ್ರ ಓಡಿದಲ್ಲೆಲ್ಲ ಮಣ್ಣು ಒತ್ತಿ ಒತ್ತಿ ಕಲ್ಲಾಗುತ್ತದೆ. ಆಮೇಲೆ ನೀರು ಇಳಿಯದು, ಬೇರು ಇಳಿಯದು, ಗೊಬ್ಬರ ಮಳೆಗೆ ಕೊಚ್ಚಿಹೋಗುತ್ತದೆ. ವರ್ಷ ವರ್ಷ ಅದೇ ಬೆಳೆ, ವರ್ಷ ವರ್ಷ ದಂಟಿಗೆ ಬೆಂಕಿ. ಈ ಮಣ್ಣಿಗೆ ಬಾಯಿ ಇದ್ದಿದ್ದರೆ ಬಾಯಿ ತುಂಬ ಬೈಯುತ್ತಿತ್ತು.

ಇಂಥ ದರಿದ್ರದ ನಡುವೆ ಒಂದು ಕಡೆ ಮಾತ್ರ ಮೂರು ಸಾಲಿನ ಅಗಲ, ಆರಡಿ ಉದ್ದದ ಜಾಗದಲ್ಲಿ ಜೋಳ ಆಳೆತ್ತರ ಬೆಳೆದು ನಿಂತಿತ್ತು. ಹಸಿರು ಇನ್ನೂ ಆರಿರಲಿಲ್ಲ. ಎಣಿಸಿದರೆ ಹನ್ನೊಂದು ಗುಣಿ. ಒಂದೊಂದು ಗುಣಿಯಲ್ಲಿ ಎರಡೆರಡು ಗಿಡ.

ಸುತ್ತಲೂ ಬಿತ್ತನೆ ಯಂತ್ರದ ಸಾಲು, ಗೇಣಿಗೊಂದು ಗಿಡ, ದಾರ ಹಿಡಿದಂತೆ ನೇರ. ಈ ಹನ್ನೊಂದು ಗುಣಿ ಮಾತ್ರ ಆ ದಾರವನ್ನು ಅಷ್ಟಿಷ್ಟು ತಪ್ಪಿ ನಿಂತಿದ್ದವು.

ಮಣ್ಣಕ್ಕ ಒಂದು ತೆನೆಯ ಸಿಪ್ಪೆಯನ್ನು ತುದಿಯಲ್ಲಿ ಸರಿಸಿ, ಉಗುರಿನಿಂದ ಎರಡು ಕಾಳು ಎಬ್ಬಿಸಿ, ಬುಡ ನೋಡಿದಳು. ಬಲಿತ ಕಾಳಿನ ಬುಡದಲ್ಲಿ ಕಪ್ಪು ಚುಕ್ಕೆ ಕೂರುತ್ತದೆ, ಇವಕ್ಕೆ ಕೂತಿರಲಿಲ್ಲ. ಪಕ್ಕದ ಸಾಲಿನ ಕಾಳಿಗೆ ಎಂದೋ ಕೂತಿತ್ತು. ಅವಳ ಮುಖ ಅರಳಿತು. ತೆನೆಯನ್ನು ಕಂಕುಳಿಗೆ ಸಿಕ್ಕಿಸಿಕೊಂಡು, ಎಲ್ಲರನ್ನೂ ಕರೆಯಿರಿ ಎಂದು ಕೂಗಿದ್ದಳು.

ಮೊದಲು ಬಂದವಳು ಕೊರೆಗೋಲಿನ ಹೆಂಡತಿ, ತಂಗಿ. ಈ ಫಾರ್ಮಿನಲ್ಲಿ ಎಲ್ಲರ ಬಾಯಲ್ಲೂ ಅವಳು 'ತಂಗಿ'ಯೇ. ಯಜಮಾನನ ತಂಗಿ, ಆದ್ದರಿಂದ ಜಗತ್ತಿಗೆಲ್ಲ ತಂಗಿ. ಬದುವಿನ ಆಚೆಯ ಎಂಟು ಎಕರೆ ಮತ್ತು ಒಂದು ಸಣ್ಣ ಮನೆ ಅವಳ ಪಾಲು. ಬಿಸಿಲಿಗೆ ಸೆರಗು ತಲೆಗೆ ಹೊದ್ದು, ಕೈಯಲ್ಲಿ ನೀರಿನ ಬಾಟಲಿ ಹಿಡಿದು ಬಂದಳು.

"ಏನಾದ್ರೂ ಗೊತ್ತಾಯ್ತಾ ಅಕ್ಕ? ಮೊದಲು ನೀರು ಕುಡೀರಿ, ಮುಖ ಎಲ್ಲ ಕೆಂಪಾಗಿದೆ."

ಇಡೀ ಫಾರ್ಮಿನಲ್ಲಿ ಮಣ್ಣಕ್ಕನಿಗೆ ತಿರಸ್ಕಾರ ಹುಟ್ಟದ ಮನುಷ್ಯಳೆಂದರೆ ಇವಳೊಬ್ಬಳೇ. ಎಂಟು ದಿನವೂ ಬಿಸಿ ನೀರು ಕಾಯಿಸಿ ಕೊಟ್ಟಿದ್ದಳು, ಬೆಳಿಗ್ಗೆ ಬೆಳಿಗ್ಗೆ ಹೊಲಕ್ಕೆ ದಾರಿ ತೋರಿಸಿದ್ದಳು. ಆ ಕಡೆ ಕೆಸರು, ಈ ಬದುವಿನ ಮೇಲೆ ಬನ್ನಿ ಅಕ್ಕ ಎಂದು ದಿನವೂ ಇದೇ ಕಡೆಯಿಂದ ಕರೆತರುತ್ತಿದ್ದಳು. ಅವಳ ಹಿತ್ತಲ ಜೋಳ ಮಾಡಿನ ಅಂಚು ಮುಟ್ಟುವಂತೆ ಬೆಳೆದಿತ್ತು. ಮಣ್ಣಕ್ಕ ಯಾರನ್ನೂ ಹೊಗಳುವವಳಲ್ಲ, ಅದನ್ನು ಹೊಗಳಿದ್ದಳು.

ಬಾಟಲಿಯ ಮುಚ್ಚಳ ಯಾವ ಕಾಲಕ್ಕೋ ಕಳೆದುಹೋಗಿ, ಕಾಳು ಬಿಡಿಸಿದ ಜೋಳದ ಕೆಂಪು ದಿಂಡಿನ ತುಂಡೊಂದು ಬಿರಡೆಯಾಗಿತ್ತು. ಮಣ್ಣಕ್ಕ ಎಂಟು ದಿನದ ಅಭ್ಯಾಸದಂತೆ ಅದನ್ನು ಹಲ್ಲಲ್ಲಿ ಕಚ್ಚಿ ಕಿತ್ತು, ಗಟಗಟ ಕುಡಿದು, ಬಿರಡೆ ತುರುಕಿ ಬಾಟಲಿಯನ್ನು ಚೀಲಕ್ಕೆ ಹಾಕಿಕೊಂಡಳು.

"ನೀನು ಬದುವಿನ ಮೇಲೇ ಇರು," ಎಂದಳು ಮೆತ್ತಗೆ. "ನೋಡೋಕೆ ಆಗದೇ ಇರೋದು ಏನಾದ್ರೂ ಸಿಗಬಹುದು."

ತಂಗಿ ಸೆರಗನ್ನು ಬಾಯಿಗೆ ಒತ್ತಿಕೊಂಡು ನಿಂತಳು.

ಆಮೇಲೆ ಟ್ರ್ಯಾಕ್ಟರ್ ಡ್ರೈವರ್ ಗುದ್ದಲಿ, ಸಲಿಕೆ ಹೊತ್ತು ಬಂದ. ಏನು ಕೇಳಿದರೂ ಹೂಂ ಎನ್ನುವ ಆಸಾಮಿ. ಒದ್ದೆ ಹೊಲಕ್ಕೆ ಟ್ರ್ಯಾಕ್ಟರ್ ಇಳಿಸು ಎಂದಾಗಲೂ ಹೂಂ ಎಂದಿದ್ದನಂತೆ.

ಕೊನೆಗೆ ಜೀಪಿನ ಸದ್ದು. ಕ್ಯಾಲೆಂಡರ್ ಬಂದ.

ಯಜಮಾನನಿಗೆ ಬೆನ್ನ ಹಿಂದೆ ಎಲ್ಲರೂ ಇಟ್ಟ ಹೆಸರು ಅದು. ಎರಡು ವರ್ಷದ ಹಿಂದೆ ಬೀಜದ ಕಂಪನಿಯೊಂದು ದಾಖಲೆ ಇಳುವರಿ ತೆಗೆದ ರೈತನೆಂದು ಇವನ ಫೋಟೋವನ್ನು ಕ್ಯಾಲೆಂಡರಿನಲ್ಲಿ ಹಾಕಿತ್ತು. ಎರಡೂ ಕೈಯಲ್ಲಿ ಎರಡು ತೆನೆ, ಮುಖದಲ್ಲಿ ಮೂವತ್ತೆರಡು ಹಲ್ಲು. ವರ್ಷ ಮುಗಿದರೂ ಆ ಕ್ಯಾಲೆಂಡರ್ ಅವನ ಆಫೀಸಿನ ಗೋಡೆಯಿಂದ ಇಳಿದಿರಲಿಲ್ಲ. ಅವನ ಪಾಲಿಗೆ ಆ ತಿಂಗಳು ಮುಗಿದೇ ಇಲ್ಲ.

ಜೀಪು ಬದುವಿನ ಮೇಲೆ ನಿಂತಿತು. ಕಾಲಿಗೆ ಬಿಳಿ ಬೂಟು. ಹೊಲಕ್ಕೆ ಬಿಳಿ ಬೂಟು ಹಾಕಿಕೊಂಡು ಬರುವವನನ್ನು ರೈತ ಎನ್ನುವವರಿಗೆ ಏನೆನ್ನಬೇಕೋ ಮಣ್ಣಕ್ಕನಿಗೆ ತಿಳಿಯಲಿಲ್ಲ.

"ಏನ್ರೀ ಇದು? ಯಂತ್ರ ಯಾಕೆ ನಿಲ್ಸಿದೀರಿ? ನನ್ನ ಹೊಲ, ನನ್ನ ಬೆಳೆ."

"ಬೆಳೆ ಅಂತೀರಾ ಇದನ್ನ? ಧೈರ್ಯ ಮೆಚ್ಚಬೇಕು. ಇಳಿದು ಬನ್ನಿ ಸಾಹೇಬ್ರೇ, ನಿಮ್ಮ ಹೊಲ ನಿಮಗೆ ಪರಿಚಯ ಮಾಡಿಸ್ತೀನಿ."

"ಈ ಸಲ ಮಳೆ ಕೈಕೊಡ್ತು. ಮಣ್ಣೂ ಸರಿ ಇಲ್ಲ."

"ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ. ಬದುವಿನ ಆಚೆ ನಿಮ್ಮ ತಂಗಿ ಹೊಲಕ್ಕೆ ಬೇರೆ ಮಳೆ ಬಿತ್ತಾ? ಅದೇ ಮಣ್ಣು, ಅದೇ ಆಕಾಶ. ನಿಮ್ಮ ಭಾವ ಅಲ್ಲಿ ಗೊಬ್ಬರ ಹಾಕಿ, ಒಂದು ವರ್ಷ ಜೋಳ ಇನ್ನೊಂದು ವರ್ಷ ಅವರೆ ಬೆಳೆದು, ನೆಲ ಆರದೇ ಕಾಲಿಡಲ್ಲ ಅಂತ ಹಟ ಹಿಡಿದು ಕೂತ. ಅಲ್ಲಿ ಎರೆಹುಳು ಓಡಾಡ್ತಿದೆ. ಇಲ್ಲಿ ಎರೆಹುಳಕ್ಕೂ ಸುತ್ತಿಗೆ ಬೇಕು."

ಯಂತ್ರದವನು ಕಿಸಕ್ಕೆಂದ. ಕ್ಯಾಲೆಂಡರ್ ಅವನನ್ನು ದುರುಗುಟ್ಟಿ ನೋಡಿ, ಪ್ಯಾಂಟು ಎತ್ತಿ ಹಿಡಿದು ಸಾಲಿನೊಳಗೆ ಇಳಿದ. ಒಣ ಎಲೆ ಮುಖಕ್ಕೆ ತಾಗಿದ್ದಕ್ಕೆ ಎಲೆಯನ್ನೂ ಬೈದ.

"ನಿಮ್ಮ ಭಾವ ಓಡಿಹೋದದ್ದು ಯಾವತ್ತು? ಇನ್ನೊಂದು ಸಲ ಹೇಳಿ," ಎಂದಳು ಮಣ್ಣಕ್ಕ.

"ಎಷ್ಟು ಸಲ ಹೇಳೋದು! ಬಿತ್ತನೆ ಹಿಂದಿನ ದಿನ. ಆಮೇಲೆ ನಾನವನ ಮುಖ ನೋಡಿಲ್ಲ."

"ಚೆನ್ನಾಗಿದೆ. ಈಗ ಈ ಹನ್ನೊಂದು ಗುಣಿ ನೋಡಿ. ಸುತ್ತ ಇರೋದು ಯಂತ್ರ ಬಿತ್ತಿದ ಸಾಲು. ಇವು ಮಾತ್ರ ಕೈಯಲ್ಲಿ ಹಾಕಿದ ಬೀಜ, ಹೆಜ್ಜೆಗೊಂದು ಗುಣಿ, ಗುಣಿಗೆರಡು ಕಾಳು. ಅಂದ್ರೆ ಯಂತ್ರ ಬಿತ್ತಿ ಹೋದ ಮೇಲೆ ಇಲ್ಲಿ ಯಾರೋ ನೆಲ ಅಗೆದಿದಾರೆ. ಅಗೆದು ಮುಚ್ಚಿ, ಖಾಲಿ ಜಾಗ ಕಾಣಬಾರದು ಅಂತ ಕೈಯಲ್ಲಿ ಬೀಜ ಇಟ್ಟಿದಾರೆ. ಕಾಳಿನ್ನೂ ಬಲಿತಿಲ್ಲ, ಹಾಗಾಗಿ ಬಿತ್ತನೆ ಆಗಿ ಹತ್ತು ಹದಿನೈದು ದಿನ ಕಳೆದ ಮೇಲೆ."

"ಅದಕ್ಕೆ?"

"ಅದಕ್ಕೇ ಇಷ್ಟು ಚೆನ್ನಾಗಿ ಬೆಳೆದಿರೋದು. ನಲವತ್ತು ಎಕರೆಯಲ್ಲಿ ಆ ಕಲ್ಲುಪದರ ಒಡೆದಿರೋದು ಇಲ್ಲಿ ಮಾತ್ರ. ನಿಮ್ಮ ಹೊಲದಲ್ಲಿ ಸರಿಯಾಗಿ ಉಳುಮೆ ಆದ ಆರಡಿ ಜಾಗ ಇದೊಂದೇ ಸಾಹೇಬ್ರೇ. ಅದೂ ಗುಂಡಿ ತೋಡಿದ್ದಕ್ಕೆ!"

ಆರಡಿ ಎಂಬ ಮಾತು ಕೇಳಿದ್ದೇ ಕ್ಯಾಲೆಂಡರಿನ ಬಣ್ಣ ಇಳಿಯಿತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಜಾತಿ ಇದು ಎಂದು ಮಣ್ಣಕ್ಕನಿಗೆ ಖುಷಿಯಾಯಿತು.

"ಅಗಿಯೋ," ಎಂದಳು ಡ್ರೈವರನಿಗೆ.

"ಹೂಂ."

ಜೋಳದ ದಂಟು ಕಡಿದು ಅವನು ಅಗೆಯತೊಡಗಿದ. ಸಲಿಕೆ ಬೆಣ್ಣೆಗೆ ಇಳಿದಂತೆ ಇಳಿಯಿತು. ಬೇರುಗಳು ನೆಟ್ಟಗೆ ಪಾತಾಳಕ್ಕೆ ಇಳಿದಿದ್ದವು, ಮೊಣಕಾಲಿನ ಆಳದಲ್ಲೂ ಬಿಳಿ ಬೇರು. ಗುಂಡಿಯ ಬದಿಯಲ್ಲಿ ಆ ಗಟ್ಟಿ ಪದರ ಇಟ್ಟಿಗೆಯ ವರಸೆಯಂತೆ ಎದ್ದು ಕಾಣುತ್ತಿತ್ತು. ಮಣ್ಣಕ್ಕ ಅದನ್ನು ಕೊಡೆಯ ಮೊನೆಯಿಂದ ತಟ್ಟಿ ತಟ್ಟಿ ಕ್ಯಾಲೆಂಡರಿಗೆ ತೋರಿಸಿದಳು. ಕೊಲೆಯ ಗುಂಡಿಯ ಮುಂದೆಯೂ ಪಾಠ ಮಾಡದೆ ಬಿಡುವ ಹೆಂಗಸಲ್ಲ ಅವಳು.

ತೊಡೆಯ ಆಳಕ್ಕೆ ಬಂದಾಗ ಸಲಿಕೆಗೆ ಕಬ್ಬಿಣ ತಾಗಿತು.

ಬದುವಿನ ಮೇಲೆ ತಂಗಿ "ಅಯ್ಯೋ" ಎಂದಳು.

ಡ್ರೈವರ್ ಬಗ್ಗಿ ಎತ್ತಿದ್ದು ಒಂದು ಉಕ್ಕಿನ ಕೊಳವೆ. ಮಣ್ಣಿನೊಳಗೆ ಚುಚ್ಚಿ ತಿರುಗಿಸಿ ಮಾದರಿ ತೆಗೆಯುವ ಕೊರೆಗೋಲು. ಅದರ ಮರದ ಹಿಡಿ ನಡುವೆ ಮುರಿದಿತ್ತು. ಮುರಿದ ತುಂಡೂ ಪಕ್ಕದಲ್ಲೇ ಸಿಕ್ಕಿತು. ಜತೆಗೆ ದಾರ ಕಟ್ಟಿದ ಆರು ಪ್ಲಾಸ್ಟಿಕ್ ಚೀಲ, ಪ್ರತಿಯೊಂದರಲ್ಲೂ ಒಂದು ಹಿಡಿ ಮಣ್ಣು, ಒಂದು ಚೀಟಿ.

ಮಣ್ಣಕ್ಕ ಒಂದು ಚೀಟಿ ಬಿಡಿಸಿ ಗಟ್ಟಿಯಾಗಿ ಓದಿದಳು. "ಬಿತ್ತನೆ ಆಗಿ ಹನ್ನೆರಡನೇ ದಿನ. ಬದುವಿನ ಪಕ್ಕದ ಸಾಲು. ಒಂದು ಗೇಣಿನ ಕೆಳಗೆ ಕೋಲು ಇಳಿಯುತ್ತಿಲ್ಲ. ಇಲ್ಲಿ ಬೇರೂ ಇಳಿಯುವುದಿಲ್ಲ."

ಅವಳು ಚೀಟಿ ಮಡಚಿದಳು. ಅವಳಿಗೆ ಈ ಕೊರೆಗೋಲು ಎಂಬ ಮನುಷ್ಯನನ್ನು ಒಮ್ಮೆಯೂ ಕಾಣದೆ ಕಳೆದುಕೊಂಡೆನಲ್ಲ ಎಂದು ನಿಜವಾಗಿ ಸಂಕಟವಾಯಿತು. ಇಂಥ ನಾಲ್ಕು ಜನ ಲ್ಯಾಬಿನಲ್ಲಿ ಇದ್ದಿದ್ದರೆ ಅವಳು ನಿವೃತ್ತಳಾಗುತ್ತಲೇ ಇರಲಿಲ್ಲ.

"ಓಡಿಹೋದವನು ಹದಿಮೂರು ದಿನ ಬಿಟ್ಟು ವಾಪಸ್ ಬಂದು ಮಣ್ಣು ತೆಗೆದು, ಚೀಟಿ ಬರೆದು, ಮತ್ತೆ ಓಡಿದ್ನಾ ಸಾಹೇಬ್ರೇ?"

ಕ್ಯಾಲೆಂಡರ್ ತುಟಿ ನೆಕ್ಕಿಕೊಂಡ. "ನೋಡಿ... ಅದು..."

"ನಿಜ ಹೇಳ್ತೀರಾ, ನಾನೇ ಹೇಳ್ಲಾ? ನಿಮ್ಮ ದಾಖಲೆ ಇಳುವರಿ ಹೇಗೆ ಬಂತು ಅಂತ ನನಗೆ ಗೊತ್ತಾಗಲ್ಲ ಅಂದ್ಕೊಂಡ್ರಾ? ಬದುವಿನ ಅಂಚಿನ ಸಾಲಿಗೆ ಬಿಸಿಲು ಗಾಳಿ ಜಾಸ್ತಿ, ತೆನೆ ಯಾವಾಗಲೂ ದಪ್ಪ. ಅಳತೆಗೆ ನಡುಹೊಲದಿಂದ ಕೊಯ್ಯಬೇಕು; ನೀವು ಅಂಚಿನಿಂದ ಕೊಯ್ಸಿದ್ರಿ. ಒಣಗಿಸಿ ತೂಗಬೇಕು, ನೀವು ಹಸಿಯಾಗಿ ತೂಗಿಸಿದ್ರಿ. ನೀರು ತೂಗಿ ಜೋಳ ಅಂತ ಬರೆಸಿದ ಪುಣ್ಯಾತ್ಮ! ಅದನ್ನ ನಿಮ್ಮ ಭಾವ ಕಂಡುಹಿಡಿದ. ಕಂಡುಹಿಡಿದು ನಿಮ್ಮ ಮುಖದ ಮೇಲೇ ಹೇಳಿದ."

"ಹೌದು ಹೇಳಿದ!" ಕ್ಯಾಲೆಂಡರ್ ಸ್ಫೋಟಿಸಿದ. "ಹನ್ನೆರಡನೇ ದಿನ, ಇದೇ ಬದುವಿನ ಮೇಲೆ. ಈ ವರ್ಷ ನೂರಕ್ಕೆ ಅರವತ್ತೂ ಬರಲ್ಲ ಭಾವ, ನೀವು ಹೊಲಾನ ರಸ್ತೆ ಮಾಡಿಟ್ಟಿದೀರಿ, ಕಂಪನಿಯವರಿಗೆ ಕಾಗದ ಬರೀತೀನಿ ಅಂದ. ಆಳುಗಳ ಎದುರಿಗೆ! ಸಿಟ್ಟು ಬಂತು. ಅವನ ಕೋಲು ಕಿತ್ಕೊಂಡು ಕಲ್ಲಿಗೆ ಹೊಡೆದೆ, ಹಿಡಿ ಮುರೀತು. ಅಷ್ಟೇ ನಾನು ಮಾಡಿದ್ದು. ಮಾರನೇ ದಿನದಿಂದ ಅವನು ಕಾಣ್ಲಿಲ್ಲ. ಜಗಳದ ವಿಷಯ ಹೊರಗೆ ಬಂದ್ರೆ ಕಾಗದದ ವಿಷಯಾನೂ ಬರುತ್ತೆ ಅಂತ... ಮೊದಲೇ ಓಡಿಹೋದ ಅಂದ್ಬಿಟ್ಟೆ."

"ಒಂದು ಕ್ಯಾಲೆಂಡರಿಗೋಸ್ಕರ ಒಡಹುಟ್ಟಿದವಳ ಗಂಡನಿಗೆ ಓಡಿಹೋದವನು ಅನ್ನೋ ಪಟ್ಟ ಕಟ್ಟಿದ್ರಿ." ಮಣ್ಣಕ್ಕ ಉಗುಳುವುದೊಂದು ಬಾಕಿ. "ಥೂ! ಡ್ರೈವರ್, ನೀನೂ ಇದ್ಯಾ ಆವತ್ತು?"

"ಹೂಂ."

"ಯಾಕೋ ಹೇಳ್ಲಿಲ್ಲ?"

"ಯಾರೂ ಕೇಳ್ಲಿಲ್ಲ," ಎಂದ ಡ್ರೈವರ್. ಅವನು ಹೂಂ ಬಿಟ್ಟು ಬೇರೆ ಮಾತಾಡಿದ್ದು ಕೇಳಿ ಯಂತ್ರದವನು ಬೀಡಿ ಕೆಳಗಿಳಿಸಿದ.

"ಸರಿ. ಕೋಲು ಮುರಿದ್ರಿ. ಆಮೇಲೆ ಅವನನ್ನೂ ಮುರಿದ್ರಿ. ಅವನ ಸಾಮಾನು ಇಲ್ಲಿ ಹೂತು ಬೀಜ ಹಾಕಿದ್ರಿ."

ಆಗ ಕ್ಯಾಲೆಂಡರ್ ನಕ್ಕುಬಿಟ್ಟ. ಅಂಥ ಹೊತ್ತಿನಲ್ಲಿ ಬರಬಾರದ ನಗು.

"ನಾನು? ಗುದ್ದಲಿ ಹಿಡಿದು? ತೊಡೆಯ ಆಳ ಅಗೆದು? ರೀ, ಮೇಡಂ, ನನ್ನ ಕೈ ನೋಡ್ರೀ."

ಅವನು ಎರಡೂ ಅಂಗೈ ಚಾಚಿದ. ಮಗುವಿನ ಕೆನ್ನೆಯಂಥ ಅಂಗೈ. ಒಂದು ಜಡ್ಡಿಲ್ಲ, ಒಂದು ಗೀರಿಲ್ಲ.

"ಕೈಬಿತ್ತನೆ ಹೇಗೆ ಮಾಡ್ತಾರೆ ಅನ್ನೋದೂ ನಂಗೆ ಗೊತ್ತಿಲ್ಲ. ನನ್ನ ಹೊಲದಲ್ಲಿ ಗಿಡ ಹುಟ್ಟದ ಜಾಗ ನೂರು ಇದಾವೆ, ಒಂದಾದ್ರೂ ತುಂಬಿಸಿದೀನಾ? ನಾನು ಹೂತಿದ್ರೆ ಹಾಗೇ ಬಿಟ್ಟು ಹೋಗ್ತಿದ್ದೆ. ಈ ಹೊಲದಲ್ಲಿ ಇನ್ನೊಂದು ಬೋಳು ಜಾಗ ಯಾರ ಕಣ್ಣಿಗೆ ಬೀಳುತ್ತೆ?"

ಮಣ್ಣಕ್ಕ ಸುತ್ತಲಿನ ಸಾಲುಗಳತ್ತ ಕಣ್ಣು ಹಾಯಿಸಿದಳು.

ಇದು ನಿಜವಾಗಿತ್ತು. ಸೋಮಾರಿತನವೇ ಸಾಕ್ಷಿಯಾಗಿ ಬಂದು ನಿಲ್ಲುತ್ತದೆಂದು ಅವಳು ಎಣಿಸಿರಲಿಲ್ಲ. ಕೂಗಳತೆಯಲ್ಲೇ ಐದಾರು ಬೋಳು ಜಾಗ ಕಾಣುತ್ತಿದ್ದವು. ಬೀಜ ಹುಟ್ಟದೆ ಬಿಟ್ಟವು, ಚಕ್ರ ಹತ್ತಿ ಸತ್ತವು. ಬಚ್ಚಿಡಬೇಕೆನ್ನುವವನಿಗೆ ಇಲ್ಲಿ ಬಿತ್ತುವ ಅಗತ್ಯವೇ ಇರಲಿಲ್ಲ. ಆದರೂ ಯಾರೋ ಬಿತ್ತಿದ್ದರು. ಸಾಲಿನಲ್ಲಿ ಖಾಲಿ ಗುಣಿ ಕಂಡರೆ ಕೈ ತಡೆಯದವರು, ಮಣ್ಣು ಮುಚ್ಚಿದ ಕೂಡಲೇ ಮಡಿಲಲ್ಲಿದ್ದ ಬೀಜ ತೆಗೆದು ಗುಣಿಗೆರಡು ಇಟ್ಟವರು. ಲೆಕ್ಕಾಚಾರ ಮಾಡಿ ಮಾಡುವ ಕೆಲಸವಲ್ಲ ಅದು, ಹುಟ್ಟಿನಿಂದ ಬಂದ ಅಭ್ಯಾಸ.

"ಮತ್ತೆ ಈ ಕೋಲು ಇಲ್ಲಿಗೆ ಹೇಗೆ ಬಂತು?" ಎಂದಳು. ದನಿಯಲ್ಲಿ ಮೊದಲಿನ ಖಾರವಿರಲಿಲ್ಲ.

"ನನ್ನನ್ನ ಕೇಳ್ತೀರಾ? ಎರಡೂ ತುಂಡು ಎತ್ಕೊಂಡು, ಚೀಲ ಹೆಗಲಿಗೆ ಹಾಕ್ಕೊಂಡು, ಬದು ದಾಟಿ ಮನೆಗೆ ಹೋದ. ಇವನೂ ನೋಡಿದಾನೆ."

"ಹೂಂ," ಎಂದ ಡ್ರೈವರ್. "ಮನೆ ಒಳಗೆ ಹೋಗಿದ್ದು ನೋಡ್ದೆ."

"ಸುಳ್ಳು," ಎಂದಳು ಮಣ್ಣಕ್ಕ. "ಇಬ್ಬರೂ ಸೇರಿ..."

"ಸಾಕು ಮಾಡ್ರೀ!" ಕ್ಯಾಲೆಂಡರಿಗೆ ಧೈರ್ಯ ಮರಳಿತ್ತು. ಅವಳ ಕಂಕುಳಲ್ಲಿದ್ದ ತೆನೆ ಕಸಿದುಕೊಂಡ. "ಒಂದು ತೆನೆ ಹಿಡ್ಕೊಂಡು ಬಂದು ನನ್ನನ್ನ ಕೊಲೆಗಾರ ಅಂತೀರಾ? ಇದಾ ನಿಮ್ಮ ಸಾಕ್ಷಿ? ತಗೊಳ್ಳಿ ನಿಮ್ಮ ಸಾಕ್ಷಿ!"

ತೆನೆಯನ್ನು ಮೊಣಕಾಲಿಗೆ ಕೊಟ್ಟು ಎರಡು ತುಂಡು ಮಾಡಿ ಅವಳ ಕಾಲ ಬುಡಕ್ಕೆ ಎಸೆದ.

ಮಣ್ಣಕ್ಕ ಬಗ್ಗಿ ನೋಡಿದಳು. ತೆನೆಯ ಒಳಗಿನ ದಿಂಡು ಕೆಂಪಗಿತ್ತು.

ಅವಳು ಪಕ್ಕದ ಸಾಲಿನಿಂದ ಒಂದು ತೆನೆ ಕಿತ್ತು ಮುರಿದಳು. ಬಿಳಿ. ಇನ್ನೊಂದು ಮುರಿದಳು. ಅದೂ ಬಿಳಿ. ಕಂಪನಿಯ ಬೀಜಕ್ಕೆ ಬಿಳಿ ದಿಂಡು. ಈ ಹನ್ನೊಂದು ಗುಣಿಗೆ ಮಾತ್ರ ಕೆಂಪು. ಇದು ಈ ಹೊಲದ ಬೀಜವೇ ಅಲ್ಲ.

ಬೆಳಿಗ್ಗೆ ಅವಳು ಕಾಳಿನ ಬುಡ ನೋಡಿದ್ದಳು, ಕಾಳು ಬಿಟ್ಟ ಜಾಗ ನೋಡಿರಲಿಲ್ಲ. ಲ್ಯಾಬಿನಲ್ಲಿ ಯಾರಾದರೂ ಇಂಥ ತಪ್ಪು ಮಾಡಿದ್ದರೆ ಅವನ ಏಳು ತಲೆಮಾರು ಜಾಲಾಡಿಬಿಡುತ್ತಿದ್ದಳು.

ಅವಳ ಕೈ ತಾನಾಗಿ ಚೀಲಕ್ಕೆ ಹೋಯಿತು. ನೀರಿನ ಬಾಟಲಿ ಹೊರಗೆ ಬಂತು. ಎಂಟು ದಿನದಿಂದ ಹಲ್ಲಲ್ಲಿ ಕಚ್ಚಿ ಕಿತ್ತ ಬಿರಡೆಯನ್ನು ಮುರಿದ ತೆನೆಯ ಪಕ್ಕ ಹಿಡಿದಳು. ಅದೇ ಕೆಂಪು.

ಮೊದಲನೇ ದಿನ ಜಗಲಿಯಲ್ಲಿ ಕೂತು ಕೇಳಿದ ಮಾತು ಈಗ ಕಿವಿಗೆ ಬಂತು. "ಇದು ನಮ್ಮಪ್ಪನ ಕಾಲದ ಬೀಜ ಅಕ್ಕ, ಕೆಂಪು ದಿಂಡಿಂದು. ಎಲ್ಲರೂ ಬಿಟ್ರು. ಈಗ ಇರೋದು ನನ್ನ ಹಿತ್ತಲಲ್ಲಿ ಮಾತ್ರ."

ದೀಪದ ಬುಡದಲ್ಲೇ ಕತ್ತಲೆ. ಆ ಕಡೆ ಕೆಸರು, ಈ ಬದುವಿನ ಮೇಲೆ ಬನ್ನಿ ಅಕ್ಕ. ಎಂಟು ದಿನದಲ್ಲಿ ಒಂದು ದಿನವಾದರೂ ಆ ಕಡೆ ಹೋಗಿ ಕೆಸರು ಇದೆಯೇ ಎಂದು ನೋಡಿದ್ದಳೇ? ಈ ಆಳೆತ್ತರದ ಜೋಳ ತಾನೇ ಕಂಡುಹಿಡಿದೆ ಎಂದು ಬೀಗಿದ್ದಳು. ಅಣ್ಣನ ಕಡೆಗೆ ಬೆರಳು ತೋರಿಸಲು ತಂಗಿಗೆ ಒಂದು ಬೆರಳು ಬೇಕಿತ್ತು; ಮೂವತ್ತೊಂದು ವರ್ಷ ಅನುಭವವಿರುವ ಬೆರಳೇ ಸಿಕ್ಕಿತು.

ಜೀವಮಾನವೆಲ್ಲ ಬೇರೆಯವರಿಗೆ ಹಂಚಿದ ತಿರಸ್ಕಾರವಷ್ಟೂ ಮಣ್ಣಕ್ಕನ ಮೇ‍ಲೇ ತಿರುಗಿ ಬಿತ್ತು. ನಾಚಿಕೆಯಿಂದ ಕಿವಿ ಸುಟ್ಟುಹೋದವು.

ಅವಳು ನಿಧಾನವಾಗಿ ತಲೆ ಎತ್ತಿದಳು.

ತಂಗಿ ಬದುವಿನಿಂದ ಯಾವಾಗಲೋ ಇಳಿದು ಬಂದಿದ್ದಳು. ಗುಂಡಿಯ ಅಂಚಿನಲ್ಲಿ ಡ್ರೈವರನ ಕಾಲು ತಾಗಿ ಒಂದು ಗಿಡ ವಾಲಿತ್ತು. ಅವಳು ಅದನ್ನು ಎತ್ತಿ ನಿಲ್ಲಿಸಿ, ಬುಡಕ್ಕೆ ಮಣ್ಣೆಳೆದು, ಹಿಮ್ಮಡಿಯಿಂದ ಮೆಲ್ಲಗೆ ಒತ್ತುತ್ತಿದ್ದಳು. ಇನ್ನು ಹತ್ತು ನಿಮಿಷದಲ್ಲಿ ಯಂತ್ರ ನುಂಗಲಿರುವ ಗಿಡ ಅದು. ಆದರೂ ಕೈ ತಡೆಯಲಿಲ್ಲ.

ಮಣ್ಣಕ್ಕ ಬಾಟಲಿಗೆ ಬಿರಡೆ ತುರುಕಲು ನೋಡಿದಳು. ಅದು ಜಾರಿ ಗುಂಡಿಯೊಳಗೆ ಬಿತ್ತು.

"ಇನ್ನೂ ಅಗಿ," ಎಂದಳು ಡ್ರೈವರನಿಗೆ. "ಮನುಷ್ಯ ಸಿಗೋವರೆಗೂ ಅಗಿ."

"ಹೂಂ." ಡ್ರೈವರ್ ಸಲಿಕೆ ಎತ್ತಿದ.

"ಪಾಪ, ಅವನ್ಯಾಕೆ ಸುಮ್ನೆ ಬೆವರಬೇಕು ಬಿಡಿ ಅಕ್ಕ," ಎಂದಳು ತಂಗಿ. ದನಿ ಎಂದಿನಂತೆಯೇ ಮೆತ್ತಗಿತ್ತು. ಅವಳ ಕಣ್ಣು ಗುಂಡಿಯ ಕಡೆ ಇರಲಿಲ್ಲ. ಬದುವಿನ ಆಚೆ, ಮಾಡಿನ ಅಂಚು ಮುಟ್ಟಿ ನಿಂತಿದ್ದ ಹಿತ್ತಲ ಜೋಳದ ಕಡೆ ಇತ್ತು. "ಈ ಗುಂಡಿಯಲ್ಲಿ ಆ ಕೋಲಿಗಿಂತ ಕೆಳಗೆ ಏನೂ ಇಲ್ಲ."